ನಮ್ಮ ಭಾಗದ ಮಕ್ಕಳ ಓದು–ಲೆಕ್ಕವನ್ನು ಅಳೆದ ಕಥೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದಾಗ, ಶಾಲೆಯ ನೆನಪು ಬರೆಯಲು ನನಗಿಂತ ಹಿರಿಯರು ಇದ್ದಾರಲ್ಲ ಸರ್ ಎಂದೆ. ‘ಹಂಗಾದ್ರ ಇತಿಹಾಸ ಬರಿ’ ಎಂದರು. ಮುದಗಲ್ಲಿನ ಇತಿಹಾಸವೆಂದರೆ ಕೋಟೆ, ರಾಯಚೂರು ದೋಆಬಿಗಾಗಿ ನಡೆದ ಯುದ್ಧಗಳು, ಮೊಹರಂ. ಅದನ್ನು ಬರೆದವರು ಬಹಳ ಮಂದಿ ಇದ್ದಾರೆ. ನಾನು ಇಲ್ಲಿ ಬರೆಯುತ್ತಿರುವುದು ಅದಕ್ಕಿಂತ ಸಣ್ಣ ಇತಿಹಾಸ. ನಮ್ಮ ಭಾಗದ ಮಕ್ಕಳಿಗೆ ಓದು ಬರುತ್ತದೆಯೇ, ಲೆಕ್ಕ ಬರುತ್ತದೆಯೇ ಎಂದು ಯಾರು ಯಾವಾಗ ಅಳೆದರು, ಅಳೆದು ಏನು ಕಂಡರು ಎಂಬುದು.

ಮೊದಲು ಒಂದು ಲೆಕ್ಕ. 2001ರ ಜೂನ್ ತಿಂಗಳು, ಎಂಟನೆಯ ತರಗತಿಯ ಮೊದಲ ವಾರ. ಗಣಿತದ ಸರ್ ಹಲಗೆಯ ಮೇಲೆ 503ರಿಂದ 278 ಕಳೆಯಿರಿ ಎಂದು ಬರೆದರು. ಹೈಸ್ಕೂಲಿಗೆ ಬಂದ ಮೇಲೆ ಇದೆಂಥ ಲೆಕ್ಕ ಎಂದು ನಾವು ನಕ್ಕೆವು. ನಾನು ಎಲ್ಲರಿಗಿಂತ ಮೊದಲು ಎದ್ದು ನೋಟ್‌ಬುಕ್ ತೋರಿಸಿದೆ. ನನ್ನ ಉತ್ತರ 375. ಸರ್ ತಪ್ಪು ಹಾಕಲಿಲ್ಲ, ಬಯ್ಯಲೂ ಇಲ್ಲ. ‘ಹೆಂಗ ಮಾಡಿದಿ, ಹೇಳು’ ಎಂದರು. ‘3ರಾಗ 8 ಹೋಗಂಗಿಲ್ಲರಿ, ಅದಕ್ಕ 8ರಾಗ 3 ಕಳದೆ. 0ದಾಗ 7 ಹೋಗಂಗಿಲ್ಲ, 7 ಹಂಗ ಇಟ್ಟೆ’ ಎಂದೆ. ‘ನಿನಗ ಕಳಿಯೋದು ಬರ್ತದ, ದಶಕ ತಗೊಳ್ಳೋದು ಬರಂಗಿಲ್ಲ’ ಎಂದು ಹೇಳಿ, ಆ ಉತ್ತರ ಬರೆದವರನ್ನೆಲ್ಲ ಒಂದು ಕಡೆ ಕೂಡಿಸಿದರು. ಅರ್ಧ ತರಗತಿ ಆ ಕಡೆ ಬಂತು. ಮುಂದಿನ ಎರಡು ವಾರ ಪಠ್ಯಪುಸ್ತಕ ತೆರೆಯಲಿಲ್ಲ. ಕಡ್ಡಿಪೆಟ್ಟಿಗೆಯ ಕಡ್ಡಿಗಳನ್ನು ಹತ್ತತ್ತರ ಕಟ್ಟು ಕಟ್ಟುವುದು, ಬಿಚ್ಚುವುದು, ಅಷ್ಟೇ.

ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಒಂದು ಹಳೆಯ ಸಂಶೋಧನೆ ಓದಿದೆ. 1978ರಲ್ಲಿ ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬಿಬ್ಬರು ಮಕ್ಕಳು ಕಳೆಯುವ ಲೆಕ್ಕದಲ್ಲಿ ಮಾಡುವ ತಪ್ಪುಗಳನ್ನು ಕಂಪ್ಯೂಟರಿನಲ್ಲಿ ಇಟ್ಟು ನೋಡಿದರು. ಮಕ್ಕಳು ಅಡ್ಡಾದಿಡ್ಡಿಯಾಗಿ ತಪ್ಪು ಮಾಡುವುದಿಲ್ಲ, ಒಂದು ತಪ್ಪು ನಿಯಮವನ್ನು ಶಿಸ್ತಾಗಿ ಪಾಲಿಸುತ್ತಾರೆ ಎಂಬುದು ಅವರು ಕಂಡುಕೊಂಡದ್ದು. ಅದಕ್ಕೆ ಅವರು ಇಟ್ಟ ಹೆಸರು ‘ಬಗ್’. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಸಣ್ಣ ಅಂಕಿಯನ್ನು ಕಳೆಯುವುದು ಅವರ ಪಟ್ಟಿಯಲ್ಲಿದ್ದ ಪ್ರಸಿದ್ಧ ಬಗ್. ಅದನ್ನು ಓದುವಾಗ ನನ್ನ 375 ನೆನಪಾಗಿ ಒಬ್ಬನೇ ನಕ್ಕೆ. ನಮ್ಮ ಸರ್ ಆ ಸಂಶೋಧನೆ ಓದಿರಲಿಕ್ಕಿಲ್ಲ. ‘ಹೆಂಗ ಮಾಡಿದಿ’ ಎಂದು ಕೇಳಿದರು, ಅದರಲ್ಲೇ ಎಲ್ಲ ಇತ್ತು.

ಇನ್ನು ಇತಿಹಾಸಕ್ಕೆ ಬರುತ್ತೇನೆ. 1956ರ ತನಕ ನಾವು ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಜನ. ನಮ್ಮ ಅಜ್ಜಂದಿರ ಕಾಲದಲ್ಲಿ ಶಾಲೆ ಎಂದರೆ ಹೆಚ್ಚಾಗಿ ಉರ್ದು, ಅದೂ ಕೆಲವರಿಗೆ ಮಾತ್ರ. ಏಕೀಕರಣದ ನಂತರ, 1966ರಲ್ಲಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಬಂತು. ಎಸ್ಸೆಸ್ಸೆಲ್ಸಿ ಎಂಬ ಒಂದೇ ಪ್ರಶ್ನೆಪತ್ರಿಕೆಯಲ್ಲಿ ಮಂಗಳೂರಿನ ಹುಡುಗಿಯನ್ನೂ ಲಿಂಗಸುಗೂರಿನ ಹುಡುಗಿಯನ್ನೂ ಅಳೆಯತೊಡಗಿದರು. ಅಲ್ಲಿಂದ ಒಂದು ಹೈಸ್ಕೂಲನ್ನು ಅಳೆಯುವ ಸಂಖ್ಯೆ ಒಂದೇ ಆಯಿತು: ಈ ವರ್ಷ ಶೇಕಡಾ ಎಷ್ಟು? ಆದರೆ ಎಂಟನೆಯ ತರಗತಿಗೆ ಬರುವ ಮಗು ಏನು ಕಲಿತು ಬರುತ್ತದೆ ಎಂದು ಆ ಸಂಖ್ಯೆ ಹೇಳುವುದಿಲ್ಲ.

ಅದನ್ನು ಮೊದಲು ಕೇಳಿದ್ದು 1994ರಲ್ಲಿ. ಆ ವರ್ಷ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಎಂದರೆ ಡಿಪಿಇಪಿ, ಶುರುವಾಯಿತು. ಕರ್ನಾಟಕದಲ್ಲಿ ಮೊದಲ ಹಂತಕ್ಕೆ ಆರಿಸಿದ್ದು ನಾಲ್ಕು ಜಿಲ್ಲೆ: ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ಮಹಿಳಾ ಸಾಕ್ಷರತೆ ದೇಶದ ಸರಾಸರಿಗಿಂತ ಕಡಿಮೆ ಇರುವ ಜಿಲ್ಲೆ ಎಂಬುದು ಆಯ್ಕೆಯ ಒಂದು ಅಳತೆ. 1991ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಮಹಿಳೆಯರಲ್ಲಿ ಅಕ್ಷರ ಬಲ್ಲವರು ಕಾಲು ಭಾಗವೂ ಇರಲಿಲ್ಲ. ಆಗ ಕೊಪ್ಪಳವೂ ರಾಯಚೂರಿನೊಳಗೇ ಇತ್ತು. ಈ ಕಾರ್ಯಕ್ರಮದ ನಿಯಮದಂತೆ ಹಣ ಬರುವ ಮೊದಲು ಮಕ್ಕಳ ಭಾಷೆ ಮತ್ತು ಗಣಿತದ ಮಟ್ಟವನ್ನು ಪರೀಕ್ಷಿಸಿ ದಾಖಲಿಸಬೇಕಿತ್ತು, ಮುಂದೆ ಅದಕ್ಕಿಂತ ಕನಿಷ್ಠ ಶೇ 25ರಷ್ಟು ಏರಿಸಬೇಕಿತ್ತು. ಹುಡುಗ–ಹುಡುಗಿಯರ ನಡುವಿನ, ಜಾತಿ–ಜಾತಿಗಳ ನಡುವಿನ ಅಂತರ ಶೇ 5ಕ್ಕಿಂತ ಕಡಿಮೆ ಆಗಬೇಕಿತ್ತು. ಹಿಂದುಳಿದಿದ್ದಕ್ಕಾಗಿಯೇ ನಮ್ಮ ಜಿಲ್ಲೆ ಇಂಥ ಅಳತೆಗೆ ದೇಶದಲ್ಲೇ ಮೊದಲ ಸಾಲಿನಲ್ಲಿ ನಿಂತಿತು. ನಾನು ಒಂದನೆಯ ತರಗತಿಗೆ ಸೇರಿದ್ದು ಅದೇ ವರ್ಷ. ನಮಗೆ ಡಿಪಿಇಪಿ ಎಂದರೆ ಹೊಸ ಕೋಣೆ. ಅದಕ್ಕಿಂತ ಹೆಚ್ಚು ನೆನಪಿರುವುದು ಮರುವರ್ಷದಿಂದ ಹಾಜರಾತಿ ಇದ್ದವರಿಗೆ ಸಿಕ್ಕ ತಿಂಗಳಿಗೆ 3 ಕೆಜಿ ಅಕ್ಕಿ. ಅವ್ವ ಆ ಚೀಲ ನೋಡಿದ ಮೇಲೆ ನನ್ನನ್ನು ಹೊಲಕ್ಕೆ ಕರೆಯುವುದು ಬಿಟ್ಟಳು.

2002ರಲ್ಲಿ ಮೂರು ಸಂಗತಿ ಒಟ್ಟಿಗೆ ನಡೆದವು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟು, 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮ ಲಿಂಗಸುಗೂರನ್ನೂ ಸೇರಿಸಿತು. ಅಕ್ಷರ ದಾಸೋಹದ ಬಿಸಿಯೂಟ ನಮ್ಮದೂ ಸೇರಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲು ಶುರುವಾಯಿತು. ಇದೇ ಭಾಗದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರದ ಜೊತೆ ಸೇರಿ ‘ಕಲಿಕಾ ಖಾತರಿ’ ಕಾರ್ಯಕ್ರಮ ತಂದಿತು. ಅದರ ವಿಶೇಷವೆಂದರೆ ಒತ್ತಾಯವಿಲ್ಲ. ನಮ್ಮ ಶಾಲೆಯನ್ನು ಅಳೆಯಿರಿ ಎಂದು ಶಾಲೆಯೇ ಮುಂದೆ ಬರಬೇಕು. ಹೊರಗಿನವರು ಬಂದು ಮಕ್ಕಳನ್ನು ಓದಿಸಿ, ಬರೆಸಿ, ಮಾಡಿಸಿ ನೋಡುತ್ತಿದ್ದರು. ಬಾಯಿಪಾಠಕ್ಕೆ ದಕ್ಕದ ಪ್ರಶ್ನೆಗಳು ಅವು. ಮೊದಲ ಸಲ ಒಂಬೈನೂರರಷ್ಟು ಶಾಲೆಗಳನ್ನು ಅಳೆದರು. ಗುರಿ ಮುಟ್ಟಿದ್ದು ನಲವತ್ತರಷ್ಟು. ಆ ನಲವತ್ತರ ಬಗ್ಗೆ ಜನ ಆಡಿಕೊಂಡರು. ನನಗೆ ದೊಡ್ಡದಾಗಿ ಕಾಣುವುದು ಉಳಿದ ಎಂಟುನೂರಕ್ಕೂ ಹೆಚ್ಚು ಶಾಲೆಗಳು. ಸೋಲುವ ಸಾಧ್ಯತೆ ಗೊತ್ತಿದ್ದೂ ಬಾಗಿಲು ತೆರೆದ ಶಿಕ್ಷಕರು ಅಲ್ಲಿದ್ದರು. ಈ ಅನುಭವದ ಮೇಲೆಯೇ 2005–06ರಲ್ಲಿ ಕರ್ನಾಟಕ ಶಾಲಾ ಗುಣಮಟ್ಟ ಮೌಲ್ಯಾಂಕನ ವ್ಯವಸ್ಥೆ ಇಡೀ ರಾಜ್ಯಕ್ಕೆ ಬಂತು. ದಾರಿ ಮಾಡಿಕೊಟ್ಟದ್ದು ಹಿಂದುಳಿದವೆಂದು ಹೆಸರಾದ ಜಿಲ್ಲೆಗಳು.

ಅದೇ 2005ರಲ್ಲಿ ‘ಪ್ರಥಮ್’ ಸಂಸ್ಥೆಯ ಅಸರ್ ಸಮೀಕ್ಷೆಯೂ ಶುರುವಾಯಿತು. ಇವರು ಶಾಲೆಗೆ ಹೋಗುವುದಿಲ್ಲ, ಮನೆಗೆ ಬರುತ್ತಾರೆ. ಮಗುವಿನ ಕೈಗೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಅಕ್ಷರ, ಪದ, ಒಂದನೆಯ ತರಗತಿ ಮಟ್ಟದ ನಾಲ್ಕು ಸಾಲು, ಎರಡನೆಯ ತರಗತಿ ಮಟ್ಟದ ಒಂದು ಕಥೆ. ಲೆಕ್ಕದಲ್ಲಿ ಅಂಕಿ ಗುರುತಿಸುವುದು, ದಶಕ ತೆಗೆದುಕೊಂಡು ಕಳೆಯುವುದು, ಭಾಗಾಕಾರ. ಹತ್ತನೆಯ ತರಗತಿಯ ವಯಸ್ಸಿನವರಿಗೂ ಅದೇ ಹಾಳೆ. ವರ್ಷದಿಂದ ವರ್ಷಕ್ಕೆ ಮಟ್ಟ ಬದಲಾಗದ ಕಾರಣ ಇದು ನಂಬಬಹುದಾದ ಅಳತೆಗೋಲು. ಕರ್ನಾಟಕದ ಹಳ್ಳಿಗಳಲ್ಲಿ ಐದನೆಯ ತರಗತಿಯ ಮಕ್ಕಳ ಪೈಕಿ ಎರಡನೆಯ ತರಗತಿಯ ಕಥೆ ಓದಬಲ್ಲವರು 2018ರಲ್ಲಿ ಸುಮಾರು ಶೇ 46 ಇದ್ದರು. ಕೋವಿಡ್ ಕಳೆದ ಮೇಲೆ 2022ರಲ್ಲಿ ಸುಮಾರು ಶೇ 30. ಆ ಮಕ್ಕಳೇ ಈಗ ಹೈಸ್ಕೂಲಿನಲ್ಲಿದ್ದಾರೆ. ಒತ್ತಕ್ಷರ ಬಂದ ಕಡೆ ನಿಲ್ಲುವ ಮಗುವಿಗೆ ಒಂಬತ್ತನೆಯ ತರಗತಿಯ ವಿಜ್ಞಾನದ ಪಾಠ ಓದಿ ಎಂದರೆ ಏನು ಮಾಡೀತು? ಮನೆಯಲ್ಲಿ ಲಂಬಾಣಿ ಆಡುವ ತಾಂಡಾದ ಮಗು, ಉರ್ದು ಶಾಲೆಯಿಂದ ಕನ್ನಡ ಮಾಧ್ಯಮಕ್ಕೆ ಬಂದ ಮಗು, ಇವರ ಕಷ್ಟ ಇನ್ನೊಂದು ಸುತ್ತು ಹೆಚ್ಚು.

ಹತ್ತನೆಯ ತರಗತಿಯ ಅಳತೆಗೋಲು ಏನಾಯಿತೆಂದೂ ನೋಡಬೇಕು. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2020ರಲ್ಲಿ ಶೇ 71.80. 2021ರಲ್ಲಿ ಎರಡೇ ದಿನ ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ಮಾಡಿದರು, ಹೆಚ್ಚು ಕಡಿಮೆ ಎಲ್ಲರೂ ಪಾಸು. 2022ರಲ್ಲಿ 85.63, 2023ರಲ್ಲಿ 83.89. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದಾಗ 73.40, ಅದೂ ಶೇ 20ರ ತನಕ ಕೃಪಾಂಕ ಕೊಟ್ಟ ಮೇಲೆ. ಹೆಚ್ಚಿನ ಕೃಪಾಂಕ ನಿಲ್ಲಿಸಿದ 2025ರ ಮೊದಲ ಪರೀಕ್ಷೆಯಲ್ಲಿ 62.34. ಮಕ್ಕಳ ಬುದ್ಧಿ ಐದು ವರ್ಷದಲ್ಲಿ ಹೀಗೆ ಏರಿ ಇಳಿಯುವುದಿಲ್ಲ. ಇಲ್ಲಿ ಗಿಡಕ್ಕಿಂತ ಹೆಚ್ಚು ಬದಲಾದದ್ದು ಕೋಲು. ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಕೆಳಗೇ ಇದ್ದವು ಎಂಬುದು ನಿಜ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಆ ಅಂತರ ಹತ್ತನೆಯ ತರಗತಿಯಲ್ಲಿ ಹುಟ್ಟಿದ್ದಲ್ಲ.

ಐದು ಮತ್ತು ಎಂಟನೆಯ ತರಗತಿಗೂ ಬೋರ್ಡ್ ಪರೀಕ್ಷೆ ಮಾಡಿದರೆ ಸರಿಹೋಗುತ್ತದೆ ಎಂದು ಕೆಲವರು ಹೇಳಿದರು. 2024ರ ಮಾರ್ಚ್‌ನಲ್ಲಿ ಹೈಕೋರ್ಟ್ ರದ್ದು ಮಾಡಿತು, ಮರುದಿನವೇ ವಿಭಾಗೀಯ ಪೀಠ ತಡೆ ಕೊಟ್ಟಿತು, ಪರೀಕ್ಷೆ ಶುರುವಾದ ಮೇಲೆ ಸುಪ್ರೀಂ ಕೋರ್ಟ್ ನಿಲ್ಲಿಸಿತು, ಮತ್ತೆ ಹೈಕೋರ್ಟ್ ಅನುಮತಿಯಿಂದ ಉಳಿದ ಪತ್ರಿಕೆಗಳು ನಡೆದವು, ಏಪ್ರಿಲ್‌ನಲ್ಲಿ ಫಲಿತಾಂಶಕ್ಕೇ ತಡೆ ಬಂತು. ಹತ್ತು ವರ್ಷದ ಮಕ್ಕಳು ನಾಳೆ ಪರೀಕ್ಷೆ ಇದೆಯೋ ಇಲ್ಲವೋ ಎಂದು ಟಿವಿ ನೋಡಿ ತಿಳಿದುಕೊಂಡರು. ನನ್ನ ವಿರೋಧ ಪರೀಕ್ಷೆಗಲ್ಲ. ನಾನು ತಿನ್ನುವ ಅನ್ನವೇ ತಂತ್ರಾಂಶದ ಪರೀಕ್ಷೆಯದು. ಅಲ್ಲಿ ಪರೀಕ್ಷೆ ಮಾಡುವುದು ತಪ್ಪು ಎಲ್ಲಿದೆಯೆಂದು ಹುಡುಕಿ ತಿದ್ದಲಿಕ್ಕೆ. 375 ಎಂಬ ಉತ್ತರಕ್ಕೆ ಸೊನ್ನೆ ಅಂಕ ಕೊಟ್ಟರೆ ಸಿಗುವುದು ಸೊನ್ನೆ ಮಾತ್ರ.

ಎಣಿಕೆಗೆ ಸಿಗದವರ ಮಾತೂ ಇದೆ. ರಾಷ್ಟ್ರೀಯ ಸಾಧನಾ ಸಮೀಕ್ಷೆ 2017ರಲ್ಲಿ ನವೆಂಬರ್ 13ರಂದು, 2021ರಲ್ಲಿ ನವೆಂಬರ್ 12ರಂದು ನಡೆಯಿತು. ಅದು ಆ ದಿನ ತರಗತಿಯಲ್ಲಿ ಕುಳಿತವರನ್ನು ಅಳೆಯುತ್ತದೆ. ನಮ್ಮ ಕಡೆ ನವೆಂಬರ್ ಎಂದರೆ ಹತ್ತಿ ಬಿಡಿಸುವ ಕಾಲ. ಮಳೆ ಕೈಕೊಟ್ಟ ವರ್ಷ ಬೆಂಗಳೂರು, ಪುಣೆಗೆ ಗುಳೆ ಹೊರಡುವ ಕಾಲವೂ ಹೌದು. ನನ್ನ ಬೆಂಚಿನಲ್ಲಿ ಕೂಡುತ್ತಿದ್ದ ಗೆಳೆಯ ಅವ್ವ ಬಿಡಿಸಿದ ಹತ್ತಿಯ ತೂಕ ಕೇಳಿ ಕೂಲಿ ಎಷ್ಟಾಯಿತೆಂದು ನಿಂತಲ್ಲೇ ಹೇಳುತ್ತಿದ್ದ. ಅದೇ ಗುಣಾಕಾರವನ್ನು ಹಲಗೆಯ ಮೇಲೆ ಬರೆದರೆ ತಲೆ ತಗ್ಗಿಸುತ್ತಿದ್ದ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳಲ್ಲಿ ಇದನ್ನೇ ಕಂಡು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದಾರೆ. ವ್ಯಾಪಾರದ ಲೆಕ್ಕದಲ್ಲಿ ಚುರುಕಾದ ಮಕ್ಕಳು ಶಾಲೆಯ ಲೆಕ್ಕದಲ್ಲಿ ಸೋಲುತ್ತಾರೆ; ಶಾಲೆಯಲ್ಲಿ ಗೆದ್ದವರು ವ್ಯಾಪಾರದ ಲೆಕ್ಕದಲ್ಲಿ ತಡವರಿಸುತ್ತಾರೆ. ನನ್ನ ಗೆಳೆಯ ಒಂಬತ್ತರ ನಡುವೆ ಗುಳೆ ಹೋದವನು ಮತ್ತೆ ಬರಲಿಲ್ಲ. ಎಸ್ಸೆಸ್ಸೆಲ್ಸಿ ಶೇಕಡಾವಾರಿನಲ್ಲಿ ಅವನು ಪಾಸೂ ಅಲ್ಲ, ಫೇಲೂ ಅಲ್ಲ.

ಲೇಖನಕ್ಕೆಂದು ಗುರುಗಳಿಗೆ ಮತ್ತೆ ಫೋನ್ ಮಾಡಿ, ಎಂಟನೆಯ ತರಗತಿಗೆ ಬಂದ ಮಕ್ಕಳ ಮಟ್ಟ ತಿಳಿಯುವ ದಾಖಲೆ ಏನಾದರೂ ಸಿಗುತ್ತದೆಯೇ ಎಂದು ಕೇಳಿದೆ. ‘ಸೇತುಬಂಧದ ಪೇಪರ್ ಇರ್ತಾವಲ್ಲಪಾ’ ಎಂದರು. ಜೂನ್‌ನಲ್ಲಿ ಪಾಠ ಶುರುವಾಗುವ ಮೊದಲು ಒಂದು ಪೂರ್ವ ಪರೀಕ್ಷೆ, ಎರಡು ಮೂರು ವಾರ ಹಿಂದಿನ ತರಗತಿಗಳ ಕಲಿಕೆ, ಆಮೇಲೆ ಇನ್ನೊಂದು ಪರೀಕ್ಷೆ. 2001ರ ಕಡ್ಡಿಪೆಟ್ಟಿಗೆಯೂ ಇದೇ ಕೆಲಸದ್ದೇ. ಹಳೆಯವು ಎಲ್ಲಿವೆ ಸರ್ ಎಂದೆ. ಎಷ್ಟಂತ ಇಟ್ಟುಕೊಳ್ಳೋದು, ವರ್ಷ ಮುಗಿದ ಮೇಲೆ ರದ್ದಿಗೆ ಹೋಗುತ್ತವೆ ಎಂದರು.

ಐವತ್ತು ವರ್ಷಗಳಲ್ಲಿ ಮಕ್ಕಳು ಏನು ತಿಳಿದು ಬಂದರು, ಶಿಕ್ಷಕರು ಅವರನ್ನು ಎಲ್ಲಿಂದ ಎಲ್ಲಿಗೆ ತಂದರು ಎಂಬ ಬರಹ ಇದ್ದದ್ದು ಆ ಕಾಗದಗಳಲ್ಲಿ. ಕೋಟೆಯ ಶಾಸನದಂತೆ ಅದು ಕಲ್ಲಿನ ಮೇಲೆ ಇರಲಿಲ್ಲ. ಬರುವ ಜೂನ್‌ನಿಂದ ಪ್ರತಿ ಮಗುವಿನ ಎರಡೂ ಪತ್ರಿಕೆಗಳನ್ನು ಮೊಬೈಲಿನಲ್ಲೇ ಸ್ಕ್ಯಾನ್ ಮಾಡಿ, ಹೆಸರು ತೆಗೆದು, ತಪ್ಪಿನ ಬಗೆಯಂತೆ ವಿಂಗಡಿಸಿ ಇಡುವ ಒಂದು ಸಣ್ಣ ತಂತ್ರಾಂಶವನ್ನು ನಮ್ಮ ಬ್ಯಾಚಿನ ಮೂವರು ಸೇರಿ ಮಾಡುತ್ತಿದ್ದೇವೆ. ಯುಗಾದಿಗೆ ಊರಿಗೆ ಬಂದಾಗ ಗುರುಗಳಿಗೆ ತೋರಿಸಬೇಕಿದೆ. ಮೊದಲ ವಿಭಾಗಕ್ಕೆ ಸದ್ಯ ‘375’ ಎಂದು ಹೆಸರಿಟ್ಟಿದ್ದೇವೆ.