ಒಂದೇ ಒಡಲಿನ ಹಡಗೂ ಜೋಡಿ ಒಡಲಿನ ಹಡಗೂ

ಇಂಗ್ಲಿಷಿನ ಕಟಮರಾನ್ ಎಂಬ ಶಬ್ದವನ್ನು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದು ತಮಿಳಿನ ಕಟ್ಟುಮರಂ. ಕಟ್ಟು, ಮರ ಎರಡೂ ನಮ್ಮ ಮಾತಿನಲ್ಲಿಯೂ ಉಂಟಷ್ಟೆ. ಚೋಳಮಂಡಲ ತೀರದ ಬೆಸ್ತರು ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಕಡಲಿಗಿಳಿಸುತ್ತಿದ್ದ ತೆಪ್ಪಕ್ಕೆ ಆ ಹೆಸರು. ಎರಡು ಒಡಲುಗಳನ್ನು ದೂರವಿರಿಸಿ ಅಡ್ಡತೊಲೆಗಳಿಂದ ಜೋಡಿಸಿದ ಪಾಲಿನೇಷ್ಯದ ದೋಣಿ ಬೇರೆಯೇ ಜಾತಿಯದು. ಪಾಶ್ಚಾತ್ಯರು ಇಲ್ಲಿಯ ಹೆಸರನ್ನು ಅಲ್ಲಿಯ ದೋಣಿಗೆ ಅಂಟಿಸಿಬಿಟ್ಟರು!

ಒಂದೇ ಒಡಲಿನ ಹಾಯಿಹಡಗು ಗಾಳಿಯ ಒತ್ತಡಕ್ಕೆ ವಾಲುತ್ತದೆ. ಮಗುಚದಿರಬೇಕಾದರೆ ತಳದಲ್ಲಿ ಭಾರವಿರಬೇಕು. ಮಂಗಳೂರಿನ ಹೆಂಚು ಹೊತ್ತು ಮುಂಬಯಿಗೆ ಬರುತ್ತಿದ್ದ ಮಂಜಿಗಳಿಗೆ ಸರಕೇ ಆ ಭಾರ. ಪಂದ್ಯದ ಹಡಗುಗಳ ಅಡಿಗೆ ಸೀಸವನ್ನು ಕೂಡಿಸುತ್ತಾರೆ. ವಾಲಿದ ಹಡಗನ್ನು ಆ ಸೀಸವೇ ಎಳೆದು ನೆಟ್ಟಗೆ ನಿಲ್ಲಿಸುತ್ತದೆ. ಜೋಡಿ ಒಡಲಿನದಕ್ಕೆ ಅಗಲವೇ ಆಧಾರ. ಹೊರೆಯಿಲ್ಲವಾದ್ದರಿಂದ ಅದು ಹಗುರ, ವೇಗವೂ ಹೆಚ್ಚು. ಆದರೆ ಒಮ್ಮೆ ಬೋರಲಾದರೆ ತಾನಾಗಿ ಏಳದು.

1876ರಲ್ಲಿ ನಥಾನಿಯಲ್ ಹೆರೆಶಾಫ್ ಎಂಬ ಅಮೆರಿಕದ ತರುಣ ಶಿಲ್ಪಿ 'ಅಮರಿಲಿಸ್' ಎಂಬ ಜೋಡಿ ಒಡಲಿನ ದೋಣಿಯನ್ನು ಕಟ್ಟಿ ನ್ಯೂಯಾರ್ಕಿನ ಪಂದ್ಯಕ್ಕೆ ತಂದನು. ಮರಳಚೀಲಗಳನ್ನು ಅತ್ತಿತ್ತ ಸರಿಸುತ್ತ ಸಮತೂಕ ಕಾಯುತ್ತಿದ್ದ ಹೆಸರಾಂತ ದೋಣಿಗಳೆಲ್ಲ ಹಿಂದುಳಿದವು. ಸೋತವರು ತಕರಾರೆತ್ತಿದರು, ಗೆದ್ದ ದೋಣಿ ಅನರ್ಹವಾಯಿತು! ಹೆರೆಶಾಫ್ ಮುಂದೆ ಹೆಸರುಗಳಿಸಿದ್ದು ಒಂದೇ ಒಡಲಿನ ಹಡಗುಗಳಿಂದ. 1893ರಿಂದ 1920ರವರೆಗೆ ಅಮೆರಿಕಾ ಕಪ್ಪನ್ನು ಉಳಿಸಿಕೊಟ್ಟ ಹಡಗುಗಳೆಲ್ಲ ಅವನವೇ.

ಅದೇ ಕಪ್ಪಿಗಾಗಿ 1988ರಲ್ಲಿ ಹಳೆಯ ಜಗಳ ಮರುಕಳಿಸಿತು. ನ್ಯೂಜಿಲೆಂಡಿನ ಮೈಕೇಲ್ ಫೇ, 1887ರ ದಾನಪತ್ರದ ಅಕ್ಷರವನ್ನೇ ಹಿಡಿದು, ನೀರಿನ ಮಟ್ಟದಲ್ಲಿ 90 ಅಡಿ ಉದ್ದದ ಒಂದೇ ಒಡಲಿನ ಮಹಾನೌಕೆಯೊಡನೆ ಸವಾಲೆಸೆದನು. ಸಾನ್ ಡಿಯಾಗೋ ಸಂಘದವರು ಅದೇ ಪತ್ರವನ್ನು ತಿರುವಿ ಓದಿದರು. ಒಡಲುಗಳೆಷ್ಟಿರಬೇಕೆಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಡೆನಿಸ್ ಕಾನರನ ಕಟಮರಾನ್ ಎರಡು ಓಟಗಳನ್ನೂ ನಿರಾಯಾಸವಾಗಿ ಗೆದ್ದಿತು. 1989ರ ಮಾರ್ಚಿಯಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಕಪ್ಪನ್ನು ನ್ಯೂಜಿಲೆಂಡಿಗೆ ಕೊಟ್ಟಿತು. ಅದೇ ಸಪ್ಟೆಂಬರಿನಲ್ಲಿ ಮೇಲಿನ ಪೀಠ ತೀರ್ಪನ್ನು ತಿರುಗಿಸಿತು. 1990ರ ಏಪ್ರಿಲಿನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ದಿನವಿಡೀ ಕರಾರುಪತ್ರಗಳನ್ನು ಓದುವ ಬ್ಯಾಂಕಿನವನಾದ ನನಗೆ ತೀರ್ಪು ಸರಿಯೆಂದೇ ತೋರುತ್ತದೆ. ಪಂದ್ಯ ಮಾತ್ರ ಪಂದ್ಯವೆನಿಸಲಿಲ್ಲ.

2013 ಮತ್ತು 2017ರಲ್ಲಿ ಇಕ್ಕಡೆಯವರೂ ಕಟಮರಾನ್‌ಗಳಲ್ಲಿಯೇ ಸೆಣಸಿದರು. 2021ರಲ್ಲಿ ಒಂದೇ ಒಡಲು ಮರಳಿ ಬಂದಿತು. ಆದರೆ ಆ ಹಡಗು ನೀರಿನಡಿಯ ರೆಕ್ಕೆಗಳ ಮೇಲೆ ನಿಂತು, ತನ್ನ ಒಡಲನ್ನೇ ನೀರಿನಿಂದ ಎತ್ತಿಕೊಂಡು ಓಡುವಂಥದು.