ಚಾದರದ ಹೂವಿನಲ್ಲಿ ಗೇಮಿನ ಮೊದಲ ಪಾಠ



ಗೇಮ್ ತಯಾರಿಸಲು ಕಲಿಯಬೇಕೆಂದರೆ ಪುಣೆಗೆ ಹೋಗಬೇಕು, ದೊಡ್ಡ ಫೀಸು ಕಟ್ಟಬೇಕು, ಇಂಗ್ಲಿಷ್ ಬರಲೇಬೇಕು ಎಂದುಕೊಂಡು ಅಕ್ಕಲಕೋಟದ ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳು ಆಸೆಯನ್ನೇ ಕೈಬಿಡುತ್ತಾರೆ. ಆದರೆ ಆ ವಿದ್ಯೆಯ ಮೊದಲ ಪಾಠ ಸೊಲ್ಲಾಪುರದ ಮಗ್ಗಗಳಲ್ಲಿ, ಕಂಪ್ಯೂಟರ್ ನಮ್ಮೂರಿಗೆ ಬರುವ ಎಷ್ಟೋ ಮೊದಲೇ ನಡೆಯುತ್ತಿತ್ತು.

ಮನೆಯಲ್ಲಿರುವ ಸೊಲ್ಲಾಪುರಿ ಚಾದರವನ್ನು ಹತ್ತಿರದಿಂದ ನೋಡಿ. ಹೂವಿನ ಅಂಚು ದುಂಡಗಿಲ್ಲ, ಮೆಟ್ಟಿಲು ಮೆಟ್ಟಿಲಾಗಿದೆ. ಇದು ಜಕಾರ್ಡ್ ನೇಯ್ಗೆ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮಾರಿ ಜಕಾರ್ಡ್ 1804ರಲ್ಲಿ ಇದರ ಸಾಧನವನ್ನು ರೂಪಿಸಿದ. ಮೊದಲು ಗ್ರಾಫ್ ಕಾಗದದ ಮೇಲೆ ನಕ್ಷೆ. ಬಣ್ಣ ತುಂಬಿದ ಚೌಕಕ್ಕೆ ರಟ್ಟಿನ ಕಾರ್ಡಿನಲ್ಲಿ ಒಂದು ತೂತು, ಖಾಲಿ ಚೌಕಕ್ಕೆ ತೂತಿಲ್ಲ. ತೂತಿದ್ದಲ್ಲಿ ಹಾಸಿನ ನೂಲು ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ, ನಡುವೆ ಹೊಕ್ಕಿನ ನೂಲು ಹಾಯುತ್ತದೆ. ನಕ್ಷೆಯ ಒಂದೊಂದು ಸಾಲಿಗೆ ಒಂದೊಂದು ಕಾರ್ಡು. ಎಲ್ಲವನ್ನೂ ಸರದಂತೆ ಹೊಲಿದು ಮಗ್ಗದ ಮೇಲೆ ಏರಿಸುತ್ತಾರೆ. ಒಂದು ತೂತು ತಪ್ಪಿದರೆ ಆ ಹೂವು ಬಂದಾಗಲೆಲ್ಲ ಅದೇ ದೋಷ. ಪ್ರೋಗ್ರಾಂ ಬರೆಯುವವರು ಬಗ್ ಎನ್ನುವುದು ಇಂಥದನ್ನೇ!

ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಇಂಥ ಕಾರ್ಡುಗಳನ್ನೇ ಯೋಚಿಸಿದ. 1843ರಲ್ಲಿ ಏಡಾ ಲವ್‌ಲೇಸ್ ಆ ಯಂತ್ರವನ್ನು ವಿವರಿಸುವಾಗ ಹೂವು ಎಲೆ ನೇಯುವ ಮಗ್ಗಕ್ಕೆ ಹೋಲಿಸಿದರು. 1984ರಲ್ಲಿ ಬಂದ ಮ್ಯಾಕಿಂಟಾಷ್ ಕಂಪ್ಯೂಟರಿನ ಪುಟ್ಟ ಚಿತ್ರಗಳನ್ನು ಸೂಸನ್ ಕೇರ್ ಎಂಬ ಕಲಾವಿದೆ ಮೊದಲು ಬಿಡಿಸಿದ್ದೂ ಗ್ರಾಫ್ ಪುಸ್ತಕದಲ್ಲೇ. ಅಡ್ಡ 32, ಉದ್ದ 32, ಒಟ್ಟು 1,024 ಚೌಕ.

ಅಪ್ಪ ಮಗ್ಗದ ಕೆಲಸಕ್ಕೆ ಹೋಗುತ್ತಾರೆಂದು ಹೇಳಲು ನಮ್ಮಲ್ಲಿ ಕೆಲವರಿಗೆ ನಾಚಿಕೆ. ವಿಮೋಚನಾಕಾಂಡದ 35ನೇ ಅಧ್ಯಾಯ ತೆರೆದು ನೋಡಿ: ದೇವರು ಬೆಚಲೇಲನಿಗೆ ಕೊಟ್ಟ ಕೌಶಲಗಳಲ್ಲಿ ನೇಯ್ಗೆಯೂ ಇದೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಗ್ರಾಫ್ ಪುಸ್ತಕದಲ್ಲಿ 16 ಚೌಕ ಅಗಲ, 16 ಚೌಕ ಎತ್ತರದ ಒಬ್ಬ ಹುಡುಗನನ್ನು ಬಿಡಿಸಿ. ಮುಂದಿನ ಹಾಳೆಯಲ್ಲಿ ಅವನ ಕಾಲನ್ನಷ್ಟೇ ಸರಿಸಿ. ಎರಡನ್ನೂ ಸರಸರ ಮಗುಚಿದರೆ ಹುಡುಗ ನಡೆಯುತ್ತಾನೆ. ಆಮೇಲೆ ಕಂಪ್ಯೂಟರ್. ಚಿತ್ರಕ್ಕೆ ಕ್ರೀಟಾ, ಆಟಕ್ಕೆ ಗೊಡೋ, ಮೂರು ಆಯಾಮದ ರೂಪಗಳಿಗೆ ಬ್ಲೆಂಡರ್, ಮೂರೂ ಉಚಿತ. ಬ್ಲೆಂಡರ್ ಉಚಿತವಾದದ್ದು ಸುಮ್ಮನೆ ಅಲ್ಲ: 2002ರಲ್ಲಿ ಬಳಕೆದಾರರೇ ವಂತಿಗೆ ಎತ್ತಿ 1,00,000 ಯೂರೋ ಕೊಟ್ಟು ಅದನ್ನು ಬಿಡಿಸಿಕೊಂಡರು. ಇಂಗ್ಲಿಷಿನ ಭಯವಿದ್ದವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇದೆ. ಅದರ ಹಲವು ಕಂಪ್ಯೂಟರ್ ಪಾಠಗಳು ಕನ್ನಡದಲ್ಲೂ ಸಿಗುತ್ತವೆ.

ಈಗ ಎಲೆಕ್ಟ್ರಾನಿಕ್ ಜಕಾರ್ಡ್ ಬಂದು ನಕ್ಷೆ ಕಂಪ್ಯೂಟರಿಗೆ ಏರುತ್ತಿದೆ, ರಟ್ಟಿನ ಕಾರ್ಡುಗಳು ರದ್ದಿಗೆ ಹೋಗುತ್ತಿವೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಕಾರ್ಡು ಕೊರೆದ ಹಿರಿಯರಿದ್ದರೆ ಈ ಭಾನುವಾರ ಪೂಜೆ ಮುಗಿದ ಮೇಲೆ ಹತ್ತಿರ ಕೂತು ಕೇಳಿ. ಗ್ರಾಫ್ ಪುಸ್ತಕ ಜೊತೆಗಿರಲಿ.