ಸೈಕಲ್ ಟೈರು: ಅಗಲದಿಂದ ಕಿರಿದಕ್ಕೆ, ಮತ್ತೆ ಅಗಲಕ್ಕೆ

ಕಳೆದ ಹದಿನೈದು ವರ್ಷಗಳಲ್ಲಿ ರಸ್ತೆ ಓಟದ ಸೈಕಲ್ಲುಗಳ ಟೈರು ಅಗಲವಾಗುತ್ತಾ ಬಂದಿದೆ. 2000ದ ದಶಕದಲ್ಲಿ 23 ಮಿ.ಮೀ. ಟೈರೇ ವಾಡಿಕೆಯಾಗಿತ್ತು. ಈಗ 28, 30, 32 ಮಿ.ಮೀ. ಸಾಮಾನ್ಯ. ಜೊತೆಗೆ ಒಳಗಿನ ಟ್ಯೂಬೂ ಮಾಯವಾಗುತ್ತಿದೆ. ಇದನ್ನು ಹೊಸ ಆವಿಷ್ಕಾರವೆಂದು ಕೊಂಡಾಡುವವರು ಹಾಲಿನವನ ಹಳೆಯ ಸೈಕಲ್ಲಿನ ಟೈರನ್ನು ಒಮ್ಮೆ ನೋಡಬೇಕು. ಅದರ ಮೇಲೆ 28 × 1½ ಎಂದು ಅಚ್ಚಾಗಿರುತ್ತದೆ. ಎಂದರೆ ಸುಮಾರು 40 ಮಿ.ಮೀ. ಅಗಲ. ಚಾಂಪಿಯನ್ ರೀಫ್ಸ್‌ನ ಕಾರ್ಮಿಕರ ಲೈನು ಮನೆಗಳ ಮುಂದೆ ಒರಗಿ ನಿಲ್ಲುತ್ತಿದ್ದ ಸೈಕಲ್ಲುಗಳದೂ ಇದೇ ಅಳತೆ. ಹಾಗಾದರೆ ನಡುವೆ ಕಿರಿದಾದ ಟೈರಿಗೆ ಅಷ್ಟು ಮರ್ಯಾದೆ ಬಂದದ್ದು ಹೇಗೆ?

ಗಾಳಿ ತುಂಬಿದ ಟೈರಿಗೆ ಮೊದಲ ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಅವನ ಟೈರು ಕುದುರೆಗಾಡಿಗೆ. ಒಳಗೆ ರಬ್ಬರು ಬಳಿದ ಬಟ್ಟೆಯ ಚೀಲ, ಹೊರಗೆ ಚರ್ಮ. ಸೈಕಲ್ಲಿನ ಕಾಲ ಇನ್ನೂ ಬಂದಿರಲಿಲ್ಲ. ಅವನ ಸಂಶೋಧನೆ ಮರೆತೇ ಹೋಯಿತು. 1887ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದ. 1888ರಲ್ಲಿ ದೊರೆತ ಅವನ ಪೇಟೆಂಟು ಥಾಮ್ಸನ್ನನ ಹಳೆಯ ದಾಖಲೆಯಿಂದಾಗಿ ಮುಂದೆ ಬಿದ್ದುಹೋಯಿತು.

ಡನ್‌ಲಪ್ ಮಾಡಿದ ಮೊದಲ ಪ್ರಯೋಗವನ್ನು ಭೌತಶಾಸ್ತ್ರದ ತರಗತಿಯಲ್ಲಿ ಹೇಳಲೇಬೇಕು. ಗಟ್ಟಿ ರಬ್ಬರಿನ ಗಾಲಿಯನ್ನೂ ಗಾಳಿ ತುಂಬಿದ ಕೊಳವೆ ಸುತ್ತಿದ ಮರದ ಬಿಲ್ಲೆಯನ್ನೂ ಅಂಗಳದಲ್ಲಿ ಉರುಳಿಸಿದ. ಗಟ್ಟಿ ಗಾಲಿ ನಡುವೆಯೇ ಬಿತ್ತು, ಗಾಳಿಯದು ಕೊನೆಯವರೆಗೂ ಓಡಿತು. ಮೆತ್ತನೆಯದು ಮುಂದೆ ಹೋಯಿತು! ಮೇ 1889ರಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಬೆಲ್‌ಫಾಸ್ಟಿನ ಪಂದ್ಯಗಳಲ್ಲಿ ಈ ಟೈರಿನಿಂದ ಗೆದ್ದಾಗ ಜನ ನಗುವುದನ್ನು ನಿಲ್ಲಿಸಿದರು.

ಒತ್ತಿದ ಗಾಳಿಯ ಕಸುವು ನಮ್ಮ ಊರಿಗೆ ಹೊಸದೇನೂ ಅಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ತಲುಪಿತು. 2001ರಲ್ಲಿ ಗಣಿ ಮುಚ್ಚಿತು. ಆಳದ ಬಂಡೆ ಕೊರೆಯುತ್ತಿದ್ದ ಡ್ರಿಲ್ಲುಗಳಿಗೆ ಶಕ್ತಿ ಒದಗಿಸುತ್ತಿದ್ದುದು ಒತ್ತಿದ ಗಾಳಿಯೇ. ಡ್ರಿಲ್ಲಿನಲ್ಲಿ ಗಾಳಿ ಬಡಿಯುತ್ತದೆ, ಟೈರಿನಲ್ಲಿ ಸ್ಪ್ರಿಂಗಿನಂತೆ ಬಾಗಿ ಮರಳುತ್ತದೆ.

ಟೈರಿನ ಶಕ್ತಿನಷ್ಟ ಬರುವುದು ಮುಖ್ಯವಾಗಿ ರಬ್ಬರು ಮತ್ತು ದಾರಗಳಿಂದ. ಅಮುಕಿದಾಗ ಕೊಟ್ಟ ಶಕ್ತಿಯೆಲ್ಲ ಅವುಗಳಿಂದ ಮರಳಿ ಬರುವುದಿಲ್ಲ. ಒಂದು ಪಾಲು ಶಾಖವಾಗುತ್ತದೆ. ಇದೇ ಹಿಸ್ಟೆರಿಸಿಸ್. ನಯವಾದ ಉಕ್ಕಿನ ಉರುಳೆಯ ಮೇಲೆ ಟೈರನ್ನು ಓಡಿಸಿ ಅಳೆದಾಗ ಒತ್ತಡ ಹೆಚ್ಚಿದಷ್ಟೂ ನಷ್ಟ ಕಡಿಮೆಯಾಗುತ್ತಿತ್ತು. ಹೆಚ್ಚು ಒತ್ತಡ ತಾಳಬೇಕಾದರೆ ಟೈರು ಕಿರಿದಾಗಬೇಕು. ಹೀಗೆ ‘ಕಿರಿದು, ಗಟ್ಟಿ, ವೇಗ’ ಎಂಬ ನಂಬಿಕೆ ಬೇರೂರಿತು. ಅಳತೆಯಲ್ಲಿ ತಪ್ಪಿರಲಿಲ್ಲ. ಆದರೆ ಉಕ್ಕಿನ ಉರುಳೆಯ ಮೇಲೆ ಜಲ್ಲಿಯೂ ಇರಲಿಲ್ಲ, ಸವಾರನೂ ಇರಲಿಲ್ಲ. ಒರಟು ರಸ್ತೆಯಲ್ಲಿ ಗಟ್ಟಿ ಟೈರು ಸವಾರನನ್ನೇ ಕುಲುಕುತ್ತದೆ. ಅವನ ಸ್ನಾಯು, ಕೊಬ್ಬುಗಳ ಅದುರಾಟದಲ್ಲೂ ಶಕ್ತಿ ಶಾಖವಾಗಿ ಸೋರಿಹೋಗುತ್ತದೆ. 2000ದ ದಶಕದಲ್ಲಿ ಅಮೆರಿಕದ ‘ಬೈಸಿಕಲ್ ಕ್ವಾರ್ಟರ್ಲಿ’ ಪತ್ರಿಕೆಯ ಯಾನ್ ಹೈನೆ ಮತ್ತು ಸಂಗಡಿಗರು ನಿಜವಾದ ರಸ್ತೆಯ ಮೇಲೆ ಸವಾರನ ಸಮೇತ ಅಳೆದು ಈ ನಷ್ಟವನ್ನು ಎತ್ತಿ ತೋರಿಸಿದರು. ಒಂದು ಮಿತಿಯವರೆಗೆ ಒತ್ತಡ ಏರಿಸುವುದು ಲಾಭ, ಅದರಾಚೆ ನಷ್ಟ. ರಸ್ತೆ ಒರಟಾದಷ್ಟೂ ಆ ಮಿತಿ ಕೆಳಗಿಳಿಯುತ್ತದೆ.

ಈಗ ಅಗಲದ ಲೆಕ್ಕಕ್ಕೆ ಬರೋಣ. ಸವಾರ, ಸೈಕಲ್ಲು ಸೇರಿ 85 ಕಿ.ಗ್ರಾಂ. ಇದ್ದು, ಹಿಂದಿನ ಗಾಲಿಯ ಮೇಲೆ ಸುಮಾರು 460 ನ್ಯೂಟನ್ ಭಾರ ಬೀಳುತ್ತದೆ ಎನ್ನೋಣ. ಒತ್ತಡ 5 ಬಾರ್ ಇದ್ದರೆ ಟೈರು ನೆಲಕ್ಕೆ ತಾಗುವ ಜಾಗ 9.2 ಚದರ ಸೆಂ.ಮೀ. ಟೈರು ಅಗಲವಿರಲಿ, ಕಿರಿದಿರಲಿ, ಈ ಜಾಗ ಹೆಚ್ಚುಕಡಿಮೆ ಅಷ್ಟೇ. ಆದರೆ ಆಕಾರ ಬೇರೆ. ಕಿರಿದಾದ ಟೈರಿನಲ್ಲಿ ಅದು ಉದ್ದಕ್ಕೆ ಚಾಚುತ್ತದೆ, ಅಗಲದ್ದರಲ್ಲಿ ಗಿಡ್ಡವಾಗುತ್ತದೆ. ಆದ್ದರಿಂದ ಒಂದೇ ಒತ್ತಡದಲ್ಲಿ ಅಗಲದ ಟೈರು ಕಡಿಮೆ ಕುಸಿಯುತ್ತದೆ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ, ಏಕೆಂದರೆ ಇದು ಸುರಕ್ಷತೆಯದು. ಟೈರಿನ ಗೋಡೆಯ ಎಳೆತ ಒತ್ತಡ ಮತ್ತು ತ್ರಿಜ್ಯಗಳ ಗುಣಲಬ್ಧ. 25 ಮಿ.ಮೀ. ಟೈರಿಗೆ 7 ಬಾರ್ ತುಂಬಿದರೆ ಮೀಟರಿಗೆ 8750 ನ್ಯೂಟನ್. ಅಷ್ಟೇ ಗಾಳಿಯನ್ನು 32 ಮಿ.ಮೀ. ಟೈರಿಗೆ ತುಂಬಿದರೆ 11200. ಟೈರಿನ ಅಂಚನ್ನು ರಿಮ್ಮಿನಿಂದ ಕಿತ್ತೆಬ್ಬಿಸಲು ನೋಡುವ ಬಲವೂ ಹೀಗೆಯೇ ಬೆಳೆಯುತ್ತದೆ. ಹಳೆಯ ಅಭ್ಯಾಸದಂತೆ ‘ಕಲ್ಲಿನಂತಾಗುವವರೆಗೆ’ ಗಾಳಿ ಹೊಡೆಯುವವರು ಇದನ್ನು ಗಮನಿಸಬೇಕು. ಅಂಚಿನಲ್ಲಿ ಕೊಕ್ಕೆಯಿಲ್ಲದ ಹೊಸ ರಿಮ್ಮುಗಳಿಗೆ 5 ಬಾರ್ ಮೇಲ್ಮಿತಿ. ಫೆಬ್ರವರಿ 2024ರ ಯುಎಇ ಟೂರ್ ಪಂದ್ಯದಲ್ಲಿ ಥಾಮಸ್ ಡಿ ಗೆಂಟ್ ಬಿದ್ದು, ಅಂತಹ ರಿಮ್ಮಿನಿಂದ ಟೈರು ಕಳಚಿಕೊಂಡಾಗ ಈ ರಿಮ್ಮುಗಳ ಬಗ್ಗೆ ದೊಡ್ಡ ಚರ್ಚೆಯೇ ಎದ್ದಿತು.

ಒತ್ತಡ ಇಳಿಸಿದರೆ ಹಳೆಯ ವ್ಯವಸ್ಥೆಯಲ್ಲಿ ಬೇರೆ ತೊಂದರೆ. ಹಳ್ಳದಲ್ಲಿ ರಿಮ್ಮು ಟ್ಯೂಬನ್ನು ಹಿಸುಕಿ ಪಕ್ಕಪಕ್ಕದಲ್ಲೇ ಎರಡು ತೂತು ಮಾಡುತ್ತದೆ. ಟ್ಯೂಬೇ ಇಲ್ಲದಿದ್ದರೆ ಹಿಸುಕುವುದೇನು? ಕಾರಿನಲ್ಲಿ 1950ರ ದಶಕದಲ್ಲೇ ಬಳಕೆಗೆ ಬಂದ ಈ ಉಪಾಯ ಬೆಟ್ಟದ ಸೈಕಲ್ಲಿಗೆ 1999ರಲ್ಲಿ, ರಸ್ತೆಯ ಸೈಕಲ್ಲಿಗೆ 2006ರಲ್ಲಿ ಬಂತು. ಒಳಗೆ ಹಾಕುವ ಲೇಟೆಕ್ಸ್ ದ್ರವ ಸಣ್ಣ ತೂತುಗಳನ್ನು ತಾನೇ ಮುಚ್ಚುತ್ತದೆ. ಬಂಗಾರಪೇಟೆಯ ಕಡೆ ರಸ್ತೆಯಂಚಿನಲ್ಲಿ ಸೈಕಲ್ ತುಳಿದವರಿಗೆ ಜಾಲಿಮುಳ್ಳು, ನೆಗ್ಗಿಲು ಮುಳ್ಳುಗಳ ಪರಿಚಯ ಮಾಡಿಕೊಡಬೇಕಾಗಿಲ್ಲ; ಇಂಗ್ಲಿಷಿನಲ್ಲಿ ನೆಗ್ಗಿಲಿನ ಹೆಸರೇ ‘ಪಂಕ್ಚರ್ ವೈನ್’. ನಮ್ಮ ಬಿಸಿಲಿಗೆ ಆ ದ್ರವ ಬೇಗ ಒಣಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಬೇಕು.

ಕೊಳ್ಳುವವರು ಮೊದಲು ಅಳೆಯಬೇಕಾದ್ದು ಟೈರನ್ನಲ್ಲ, ಫೋರ್ಕಿನ ಸಂದನ್ನು. ಟೈರಿನ ಎರಡು ಬದಿಗೂ ಕನಿಷ್ಠ ನಾಲ್ಕು ಮಿ.ಮೀ. ಜಾಗ ಉಳಿಯಬೇಕು. ಅನಂತರ ರಿಮ್ಮಿನ ಒಳ ಅಗಲ. ರಿಮ್ಮು ಅಗಲವಾದರೆ 28 ಎಂದು ಬರೆದ ಟೈರು 30 ಆಗಿ ಉಬ್ಬುವುದುಂಟು. ಟೈರು, ರಿಮ್ಮು ಎರಡರ ಮೇಲೂ ಟ್ಯೂಬ್‌ಲೆಸ್ ಎಂಬ ಗುರುತಿರಲಿ. ಎರಡರ ಮೇಲೂ ಬರೆದ ಗರಿಷ್ಠ ಒತ್ತಡಗಳಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ಹಾಲಿನವನ ಸೈಕಲ್ಲಿನ ಹಳೆಯ ರಿಮ್ಮಿನಲ್ಲಿ ಕಡ್ಡಿಗಳ ತೂತಿನಿಂದೆಲ್ಲ ಗಾಳಿ ಸೋರುವುದರಿಂದ ಅದಕ್ಕೆ ಟ್ಯೂಬೇ ಸರಿ.